ಹಾಲು ಬಿಡುವ ತನಕ

ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ಅವ್ವ ನನ್ನನ್ನೂ ತಮ್ಮನನ್ನೂ ಕಟ್ಟಿಕೊಂಡು ಅಪ್ಪನ ಮನೆ ಬಿಟ್ಟಳು. ನನಗೆ ಆಗ ಆರು ವರ್ಷ. ತಮ್ಮ ಎಂಟು ತಿಂಗಳ ಕೂಸು. ಅಪ್ಪನ ಊರು ಯಲಬುರ್ಗಾದ ಕಡೆ, ಎರೆಹೊಲದ ಸೀಮೆ. ಯಾಕೆ ಬಿಟ್ಟು ಬಂದೆ ಎಂದು ಅವ್ವ ನನಗೆ ಎಂದೂ ಪೂರ್ತಿ ಹೇಳಲಿಲ್ಲ. ಆಕೆಯ ಎಡಗೈ ಮೊಣಕೈಯಿಂದ ಕೆಳಗೆ ಸೊಟ್ಟಗೆ ಕೂಡಿಕೊಂಡಿತ್ತು. ಕೊಡ ಎತ್ತುವಾಗ ಬಲಗೈಯನ್ನೇ ಮುಂದೆ ಮಾಡುತ್ತಿದ್ದಳು. ಅದನ್ನು ಕಂಡವರು ಮತ್ತೇನೂ ಕೇಳುತ್ತಿರಲಿಲ್ಲ.

ಮೊದಲು ಇರಕಲ್ಲಗಡದಲ್ಲಿ ಸೋದರಮಾವನ ಮನೆಯಲ್ಲಿದ್ದೆವು. ಮಾವ ಕೆಟ್ಟವನಲ್ಲ, ಅಂಜುಬುರುಕ. ಎರಡು ತಿಂಗಳಾದ ಮೇಲೆ ಅಪ್ಪನ ಊರಿನಿಂದ ಕರೆ ಬಂತು. ಕುಲದ ಹಿರಿಯರೆಲ್ಲ ಸೇರಿ ನ್ಯಾಯ ಮಾಡುವುದಕ್ಕೆ ನಮ್ಮ ಕಡೆ ದೈವ ಕೂಡುವುದು ಅನ್ನುತ್ತಾರೆ. ಆ ದೈವದ ಮುಂದೆ ಅವ್ವನನ್ನು ಕರೆಸಿದರು. ನಾನು ಅವ್ವನ ಸೆರಗು ಹಿಡಿದು ಕಟ್ಟೆಯ ಕೆಳಗೆ ನಿಂತಿದ್ದೆ. ಮೇಲೆ ಕೂತವರ ಕಾಲು, ಕೋಲು, ರುಮಾಲು ಮಾತ್ರ ನೆನಪಿವೆ. ಗಂಡ ಹೆಂಡತಿ ಬೇರೆಯಾದರೆಂದು ಸೋಡಚೀಟಿ ಬರೆದರು. ಇನ್ನು ಮಕ್ಕಳ ಮಾತು. ಹೆಣ್ಣು ಕೂಸು ತಾಯಿಯ ಹಿಂದೆ ಹೋಗಲಿ ಎಂದು ಯಾರೋ ಅಂದರು. ಬೇಡ ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ತಮ್ಮನ ವಿಷಯಕ್ಕೆ ಮಾತ್ರ ಹೊತ್ತು ಹೋಯಿತು. ಕಡೆಗೆ ಹಿರಿಯರಲ್ಲೊಬ್ಬರು ತೀರ್ಪು ಹೇಳಿದರು.

"ಹಾಲು ಬಿಡೂ ತನಕ ಗಂಡುಕೂಸು ತಾಯಿ ಕಡೆ ಇರ್ಲಿ. ಹಾಲು ಬಿಟ್ಟ ಮ್ಯಾಲ ಅಪ್ಪನ ಮನಿಗೆ ಬರಬೇಕು. ಅಲ್ಲಿ ಮಟ ಸುಗ್ಗಿಗೆ ಎರಡು ಚೀಲ ಜೋಳ ಕೂಸಿನ ಹೊಟ್ಟಿಗೆ ಪೋಟಗಿ ಅಂತ ಕೊಡ್ರಿ."

ಅಪ್ಪ ತಲೆ ಎತ್ತಲಿಲ್ಲ. ಅವನ ತಾಯಿ, ನಮ್ಮ ಆಯಿ, ಹೆಂಗಸರ ಸಾಲಿನಲ್ಲಿ ಕೂತು ತಮ್ಮನನ್ನೇ ನೋಡುತ್ತಿದ್ದಳು.

ಮಾವನ ಮನೆಯಲ್ಲಿ ಬಹಳ ದಿನ ಇರುವ ಹಾಗಿರಲಿಲ್ಲ. ಅವ್ವ ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಬಂದು ನೇಕಾರರ ಓಣಿಯಲ್ಲಿ ಒಂದು ಖೋಲಿ ಹಿಡಿದಳು. ಪಕ್ಕದ ಮನೆಯ ನೇಕಾರಜ್ಜ ಕಂಡಿಕೆ ಸುತ್ತುವ ಕೆಲಸ ಕೊಟ್ಟ. ಲಡಿ ನೂಲನ್ನು ರಾಟೆಯಿಂದ ಸಣ್ಣ ಕೊಳವೆಗಳಿಗೆ ಸುತ್ತಿ ಮಗ್ಗಕ್ಕೆ ಕೊಡುವುದು ಆ ಕೆಲಸ. ಸೊಟ್ಟ ಕೈಯಿಂದಲೂ ನೂಲು ಹಿಡಿಯಬಹುದಾಗಿತ್ತು. ಹಗಲೆಲ್ಲ ಓಣಿಯ ತುಂಬ ಮಗ್ಗದ ಸದ್ದು. ಮಾತಾಡಬೇಕಾದರೆ ಕಿವಿಯ ಹತ್ತಿರ ಬರಬೇಕು.

ಆ ಮಳೆಗಾಲದಲ್ಲಿ ಅವ್ವನಿಗೆ ಚಳಿಜ್ವರ ಬಂತು. ದಿನ ಬಿಟ್ಟು ದಿನ ನಡುಗುತ್ತ ಹದಿನೈದು ದಿನ ಮಲಗಿದಳು. ಎದ್ದಾಗ ಆಕೆಯ ಎದೆಯಲ್ಲಿ ಹಾಲಿರಲಿಲ್ಲ. ತಮ್ಮ ಬಾಯಿ ಹಾಕಿ, ಬಿಟ್ಟು, ಅತ್ತು, ಮತ್ತೆ ಬಾಯಿ ಹಾಕುತ್ತಿದ್ದ. ನೇಕಾರಜ್ಜ ತನ್ನ ಆಡಿನ ಹಾಲು ಕರೆದು ತಂಬಿಗೆಯಲ್ಲಿ ತಂದಿಟ್ಟು ಹೋದ. ತಮ್ಮ ಅದನ್ನು ಕುಡಿದು ಮಲಗಿದ. ಅವ್ವ ಬಾಗಿಲು ಮುಂದೆ ಮಾಡಿ ನನ್ನ ಭುಜ ಹಿಡಿದು ತನ್ನ ಮುಂದೆ ಕೂರಿಸಿಕೊಂಡಳು.

"ಯಾರರ ಕೇಳಿದ್ರ ಏನಂತಿ?"

ನಾನು ಮಲಗಿದ್ದ ತಮ್ಮನ ಕಡೆ ನೋಡಿದೆ.

"ತಮ್ಮ ಅವ್ವನ ಹಾಲು ಕುಡಿತಾನ, ಅಂತ ಅನ್ನಬೇಕು. ಬ್ಯಾರೆ ಏನರ ಅಂದ್ರ ಅವನ್ನ ಕರಕೊಂಡು ಹೋಗ್ತಾರ."

ಅಂದಿನಿಂದ ಬಾವಿಗೆ ಹೋದರೂ ಭಯ, ಅಂಗಡಿಗೆ ಹೋದರೂ ಭಯ. ಗುರುತಿಲ್ಲದ ಹೆಂಗಸು ತಮ್ಮನ ಕೆನ್ನೆ ಮುಟ್ಟಿ ಹಲ್ಲು ಎಷ್ಟು ಬಂದಿವೆ ಎಂದು ಕೇಳಿದರೆ ನಾನು ಅವನನ್ನು ಎತ್ತಿಕೊಂಡು ಮನೆಗೆ ಓಡುತ್ತಿದ್ದೆ. ಬೇರೆ ಮನೆಗಳಲ್ಲಿ ಮಕ್ಕಳು ಮಾತು ಕಲಿತರೆ ನಗುತ್ತಾರೆ, ಅವನು ಕಲಿತಾಗ ನಾವು ನಗಲಿಲ್ಲ. ಅವನು ನಡೆಯಲು ಕಲಿತಾಗ, ಜೋಳದ ರೊಟ್ಟಿ ಕಡಿಯಲು ಕಲಿತಾಗ, ಒಂದೊಂದಕ್ಕೂ ಅವ್ವನ ಮುಖ ಸಣ್ಣದಾಗುತ್ತಿತ್ತು. ತಮ್ಮ ದೊಡ್ಡವನಾಗುವುದೇ ನಮ್ಮ ಮನೆಯಲ್ಲಿ ಹೆದರಿಕೆಯ ವಿಷಯವಾಗಿಬಿಟ್ಟಿತ್ತು.

ಮೊದಲ ಸುಗ್ಗಿಗೆ ಜೋಳದ ಚೀಲ ತಂದವನು ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ಬಂಡಿಯ ಸದ್ದು ಕೇಳುತ್ತಲೇ ಅವ್ವ ತಮ್ಮನನ್ನು ಎತ್ತಿ ಸೆರಗಿನೊಳಗೆ ಹಾಕಿಕೊಂಡಳು. ದೊಡ್ಡಪ್ಪ ಚೀಲ ಇಳಿಸಿ, ನೀರು ಕುಡಿದು, ಒಂದು ಸಲ ನೋಡಿ ಹೋದ. ಎರಡನೆಯ ಸುಗ್ಗಿಗೆ ಬಂಡಿಯಿಂದ ಆಯಿಯೇ ಇಳಿದಳು. ತಮ್ಮನಿಗೆ ಆಗ ಮೂರು ತುಂಬಲು ಸ್ವಲ್ಪ ಕಡಿಮೆ. ಅಪ್ಪ ಎರಡನೆಯ ಮದುವೆ ಮಾಡಿಕೊಂಡಿದ್ದನೆಂದೂ, ಆಕೆಗೆ ಮಕ್ಕಳಾಗಿಲ್ಲವೆಂದೂ ಮಾವನಿಂದ ನಮಗೆ ಗೊತ್ತಾಗಿತ್ತು.

ಆಯಿ ಬೆಳಿಗ್ಗೆ ಬಂದವಳು ಮಧ್ಯಾಹ್ನವಾದರೂ ಏಳಲಿಲ್ಲ. ಅವ್ವ ತಮ್ಮನನ್ನು ಮಡಿಲಲ್ಲಿ ಮಲಗಿಸಿಕೊಂಡು ಸೆರಗು ಮುಚ್ಚಿಯೇ ಕೂತಳು. ಒಳಗಿನಿಂದ ಅವನ ಕಾಲು ಎರಡೂ ಉದ್ದಕ್ಕೆ ಹೊರಗೆ ಬಂದಿದ್ದವು. ಕಡೆಗೆ ಕಂಡಿಕೆ ಕೊಡುವ ಹೊತ್ತು ಮೀರಿದ್ದರಿಂದ ಅವ್ವ ತಮ್ಮನನ್ನು ಸೊಂಟಕ್ಕೆ ಹಾಕಿಕೊಂಡು ಅಜ್ಜನ ಮನೆಗೆ ಹೋದಳು. ಆಯಿ ನನ್ನನ್ನು ಹತ್ತಿರ ಕರೆದಳು. ಹುಟ್ಟಿದಾಗಿನಿಂದ ಆಕೆ ನನ್ನನ್ನು ಹಾಗೆ ಕರೆದಿರಲಿಲ್ಲ. ಕಾಲ ನಡುವೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ತಲೆ ಬಾಚತೊಡಗಿದಳು. ಕೈ ಮೆತ್ತಗಿತ್ತು. ಶಾಲೆಗೆ ಹೋಗುತ್ತೀಯಾ, ಹೊಟ್ಟೆ ತುಂಬ ಉಣ್ಣುತ್ತೀಯಾ ಎಂದು ಕೇಳಿದಳು. ನನಗೆ ಹಿತವಾಗಿತ್ತು. ಅದೇ ದನಿಯಲ್ಲಿ ತಮ್ಮ ದಿನಕ್ಕೆ ಎಷ್ಟು ಸಲ ಹಾಲು ಕುಡಿಯುತ್ತಾನೆ ಎಂದು ಕೇಳಿದಳು.

"ಎರಡ ಸಲ," ಎಂದೆ ನಾನು. "ಅಜ್ಜ ಆಡು ಹಿಂಡಿದ ಮ್ಯಾಲ."

ನನ್ನ ಕೂದಲಲ್ಲಿ ಆಕೆಯ ಕೈ ನಿಂತಿತು. ಏನು ಮಾಡಿದೆನೆಂದು ನನಗೆ ಆಗ ತಿಳಿಯಿತು. ಆಯಿ ಜಡೆಯನ್ನು ಪೂರ್ತಿ ಹೆಣೆದು ತುದಿಗೆ ಬಿಗಿಯಾಗಿ ಗಂಟು ಹಾಕಿ ಎದ್ದಳು. ಅವ್ವ ಬರುವುದರೊಳಗೆ ಬಂಡಿ ಹೊರಟುಹೋಗಿತ್ತು. ಆಯಿ ಏನಾದರೂ ಕೇಳಿದಳೇನು ಎಂದು ಅವ್ವ ಕೇಳಿದಾಗ ನಾನು ಇಲ್ಲ ಎಂದೆ.

ಆಮೇಲಿನ ದಿನಗಳಲ್ಲಿ ಎತ್ತಿನ ಗಂಟೆಯ ಸದ್ದು ಕೇಳಿದರೆ ಎದ್ದು ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಹದಿನೈದು ದಿನಕ್ಕೆ ಬಂದವನು ಮಾವ. ಹಾಲು ಬಿಟ್ಟು ವರ್ಷದ ಮೇಲಾಗಿದೆ ಎಂದು ದೈವಕ್ಕೆ ಗೊತ್ತಾಗಿದೆ, ಬರುವ ಅಮಾವಾಸ್ಯೆಯೊಳಗೆ ಹುಡುಗನನ್ನು ಕಟ್ಟೆಗೆ ತಂದು ಒಪ್ಪಿಸಬೇಕು ಎಂದು ಹೇಳಿ ಕಳಿಸಿದ್ದಾರೆ ಎಂದ. ಕೊಟ್ಟುಬಿಡು ಎಂದು ಅವ್ವನಿಗೆ ಬುದ್ಧಿ ಹೇಳಿದ. ನಿನಗೆ ಇನ್ನೂ ವಯಸ್ಸಿದೆ, ಎಲ್ಲಾದರೂ ಉಡಿಕಿ ಮಾಡಿಕೊಡುತ್ತೇನೆ ಎಂದ. ಬಿಟ್ಟು ಬಂದ ಹೆಂಗಸಿಗೆ ಮಾಡುವ ಎರಡನೆಯ ಮದುವೆಗೆ ಉಡಿಕಿ ಎನ್ನುತ್ತಿದ್ದರು. ಅವ್ವ ರಾಟೆ ತಿರುಗಿಸುತ್ತಲೇ ಕೇಳಿದಳು. ಮಾವ ಹೋದ ಮೇಲೆ ನೇಕಾರಜ್ಜನ ಹತ್ತಿರ ಹೋಗಿ, ಕೊಪ್ಪಳದಲ್ಲಿ ವಕೀಲರು ಎಲ್ಲಿರುತ್ತಾರೆ ಎಂದು ಕೇಳಿದಳು.

ಮರುದಿನ ಅಜ್ಜ ನಮ್ಮನ್ನು ಕರೆದುಕೊಂಡು ಹೋದ. ವಕೀಲರು ಗಾದಿಯ ಮೇಲೆ ಕೂತು, ಆಗ ಸರ್ಕಾರಿ ಕಚೇರಿಗಳಲ್ಲಿ ನಡೆಯುತ್ತಿದ್ದ ಉರ್ದುವಿನ ಕಾಗದ ಓದುತ್ತಿದ್ದರು. ಅವ್ವ ಬಾಗಿಲ ಹೊರಗೇ ಕೂತಳು. ಅಜ್ಜನೇ ಎಲ್ಲ ಹೇಳಿದ. ವಕೀಲರು ಕನ್ನಡಕ ತೆಗೆದಿಟ್ಟು ಕೇಳಿದರು, ಮಧ್ಯೆ ಒಮ್ಮೆಯೂ ಬಾಯಿ ಹಾಕಲಿಲ್ಲ.

"ನೋಡವ್ವ, ಕಾಯ್ದೇ ಪ್ರಕಾರ ಕೂಸಿನ ಪಾಲಕ ಅಪ್ಪನ. ಅದನ್ನ ಮುಚ್ಚಿಟ್ಟು ನಿನಗ ಧೈರ್ಯ ಹೇಳಂಗಿಲ್ಲ ನಾ. ಆದ್ರ ಅದಾಲತ್ತು ಅಷ್ಟಕ್ಕ ನಿಲ್ಲಂಗಿಲ್ಲ. ಈ ಕೂಸು ಯಾರ ಕೈಯಾಗ ಛಲೋ ಬೆಳೀತೈತಿ ಅಂತ ಮೊದಲ ನೋಡತೈತಿ."

ದೈವದ ಚೀಟಿಯಲ್ಲಿ ಹಾಲಿನ ಮಾತು ಬರೆದಿದ್ದಾರಲ್ಲ ಎಂದು ಅವ್ವ ಕಡೆಗೂ ಕೇಳಿದಳು. ಅದು ಹಿರಿಯರ ಮಾತು, ಸರ್ಕಾರದ ಹುಕುಂ ಅಲ್ಲ ಎಂದರು ವಕೀಲರು. ಹುಕುಂ ಇಲ್ಲದೆ ನಿನ್ನ ಕೈಯಿಂದ ಕೂಸನ್ನು ಯಾರೂ ಕಿತ್ತುಕೊಳ್ಳುವ ಹಾಗಿಲ್ಲ, ಬೇಕಾದವರು ಅರ್ಜಿ ಹಾಕಬೇಕು, ಅವರು ಹಾಕುವುದಕ್ಕಿಂತ ಮೊದಲು ನಾವೇ ಹಾಕೋಣ ಎಂದರು. ಅವ್ವನಿಗೆ ಜೋಳದ ಚಿಂತೆಯೂ ಇತ್ತು. ಅವರ ಜೋಳ ತಿಂದು ಕೂಸನ್ನು ಕೊಡುವುದಿಲ್ಲ ಎನ್ನುವುದು ಹೇಗೆ?

"ಪೋಟಗಿ ಕೂಸಿನ ಹಕ್ಕು. ಅದು ಯಾವ ಮನ್ಯಾಗಿದ್ರೂ ಸಾಕೂದು ಅಪ್ಪನ ಕೆಲಸ. ಜೋಳ ಕೊಟ್ಟೀನಿ ಅಂತ ಅವರು ಕೂಸು ಕೇಳಾಕ ಬರಂಗಿಲ್ಲ. ಕೂಸು ಕೊಡವಲ್ಲಿ ಅಂತ ಜೋಳ ನಿಲ್ಲಸಾಕೂ ಬರಂಗಿಲ್ಲ."

ಹುಡುಗಿಯದೂ ಸೇರಿಸಿ ಬರೆಯಲೇ ಎಂದು ಅವರು ನನ್ನ ಕಡೆ ನೋಡಿದರು. ಅವ್ವ ಬೇಡ ಎಂದು ತಲೆ ಅಲ್ಲಾಡಿಸಿದಳು. ಕಡೆಗೆ ಇನ್ನೊಂದು ಮಾತು ಹೇಳಿದರು: ನೀನು ಉಡಿಕಿ ಮಾಡಿಕೊಂಡರೆ ಲೆಕ್ಕ ಬದಲಾಗುತ್ತದೆ, ಅದನ್ನು ಮನಸ್ಸಿನಲ್ಲಿಟ್ಟುಕೋ. ಅವ್ವ ಅದಕ್ಕೂ ತಲೆ ಅಲ್ಲಾಡಿಸಿದಳು.

ಹಿಂತಿರುಗುವಾಗ ದಾರಿಯಲ್ಲಿ, ನನ್ನ ಪೋಟಗಿ ಯಾಕೆ ಬೇಡ ಎಂದೆ ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು. ಅವ್ವ ನಡೆಯುತ್ತಲೇ, "ನಿನಗ ಜೋಳ ಕೇಳಿದ್ರ ನಿನ್ನೂ ಕೇಳತಾರ," ಎಂದಳು.

ಅರ್ಜಿ ಹಾಕಿದೆವು. ಪೇಶಿ, ಎಂದರೆ ಅದಾಲತ್ತಿನಲ್ಲಿ ನ್ಯಾಯಾಧೀಶ ಸಾಹೇಬರ ಮುಂದೆ ನಿಲ್ಲುವ ದಿನ, ಮುಂದಿನ ತಿಂಗಳಿಗೆ ಬಿತ್ತು. ಅಲ್ಲಿಯವರೆಗೆ ಅವ್ವ ಕೆಲಸಕ್ಕೆ ಕೂತಾಗ ಸೆರಗಿನ ತುದಿಯನ್ನು ತಮ್ಮನ ನಡುವಿಗೆ ಕಟ್ಟುತ್ತಿದ್ದಳು. ಅವನು ಎರಡು ಹೆಜ್ಜೆ ಹೋಗಿ ಜಗ್ಗಿ ಬಿದ್ದು ಅಳುತ್ತಿದ್ದ. ಅಮಾವಾಸ್ಯೆ ಬಂತು, ಹೋಯಿತು. ಯಾರೂ ಬರಲಿಲ್ಲ. ನಾವು ಸ್ವಲ್ಪ ಉಸಿರು ಬಿಟ್ಟೆವು.

ನಾಲ್ಕು ದಿನಕ್ಕೆ ದೊಡ್ಡಪ್ಪ ಬಂದ. ಮಧ್ಯಾಹ್ನದ ಹೊತ್ತು. ಅವ್ವ ಕಂಡಿಕೆ ಕೊಟ್ಟು ಹೊಸ ಲಡಿ ತರಲು ಓಣಿಯ ಆಚೆ ತುದಿಗೆ ಹೋಗಿದ್ದಳು. ನಾನು ಒಳಗಿನಿಂದ ಅಗಳಿ ಹಾಕಿದ್ದೆ. ಅವನು ನನ್ನ ಹೆಸರು ಹಿಡಿದು ಮೆಲ್ಲಗೆ ಕರೆದ. ಅವ್ವನೇ ಕಳಿಸಿದ್ದಾಳೆ, ನೀರು ಕೊಡು ಎಂದ. ನಾನು ಅಗಳಿ ತೆಗೆದೆ. ಇವತ್ತಿಗೂ ಆ ಅಗಳಿಯ ಮರದ ತಣ್ಣನೆಯ ಸ್ಪರ್ಶ ನನ್ನ ಅಂಗೈಯಲ್ಲಿದೆ. ಅವನು ನೀರಿಗೆ ಕಾಯಲಿಲ್ಲ. ನೇರ ಒಳಗೆ ಬಂದು ತಮ್ಮನನ್ನು ಎತ್ತಿಕೊಂಡ. ನಾನು ಅವನ ಧೋತರ ಹಿಡಿದು, "ಹುಕುಂ ಇಲ್ಲದ ಒಯ್ಯಂಗಿಲ್ಲ," ಎಂದೆ. ವಕೀಲರ ಮಾತು ಅವನನ್ನು ನಿಲ್ಲಿಸುತ್ತದೆ ಎಂದು ನಾನು ನಿಜವಾಗಿ ನಂಬಿದ್ದೆ.

"ಹುಕುಂ ಆಮ್ಯಾಲ ಬರತೈತಿ. ನೀ ಬಾಗಲಾ ಹಾಕ್ಕೊ."

ಅವನು ಸಿಟ್ಟಾಗಲಿಲ್ಲ. ಬಗ್ಗಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ನಾನು ಓಣಿಯಲ್ಲಿ ಕೂಗುತ್ತ ಅವನ ಹಿಂದೆ ಓಡಿದೆ. ಎರಡೂ ಕಡೆಯ ಮನೆಗಳಲ್ಲಿ ಮಗ್ಗಗಳು ನಡೆಯುತ್ತಿದ್ದವು. ನನ್ನ ಕೂಗು ನನಗೇ ಕೇಳುತ್ತಿರಲಿಲ್ಲ. ಓಣಿಯ ತುದಿಯಲ್ಲಿ ಬಂಡಿ ನಿಂತಿತ್ತು. ತಮ್ಮ ಅವನ ಹೆಗಲ ಮೇಲಿಂದ ನನ್ನನ್ನು ನೋಡುತ್ತಿದ್ದ, ಅಳುತ್ತಿರಲಿಲ್ಲ. ಬಂಡಿ ಹತ್ತುವುದೆಂದರೆ ಅವನಿಗೆ ಖುಷಿ.

ಅವ್ವ ಬಂದವಳು ಲಡಿಗಳನ್ನು ಅಲ್ಲೇ ಬಿಟ್ಟು ಯಲಬುರ್ಗಾದ ದಾರಿ ಹಿಡಿದು ಓಡಿದಳು. ನಾನು ಹಿಂದೆ. ಬಹಳ ದೂರ ಹೋದ ಮೇಲೆ ಆಕೆ ಕುಸಿದು ಕೂತಳು. ಅಜ್ಜ ಹುಡುಕಿಕೊಂಡು ಬಂದು ನಮ್ಮನ್ನು ಎಬ್ಬಿಸಿ, ಮನೆಗಲ್ಲ, ನೇರ ವಕೀಲರ ಹತ್ತಿರ ಕರೆದೊಯ್ದ. ಅವರು ಅಂದೇ ಇನ್ನೊಂದು ಅರ್ಜಿ ಬರೆದರು. ಪೇಶಿಯ ದಿನ ಕೂಸನ್ನು ಹಾಜರು ಮಾಡಬೇಕೆಂದು ಅಪ್ಪನ ಮನೆಗೆ ಹುಕುಂ ಹೋಯಿತು.

ಪೇಶಿಗೆ ಹನ್ನೊಂದು ದಿನವಿತ್ತು. ಆ ದಿನಗಳಲ್ಲಿ ಆಡಿನ ಹಾಲು ಅಜ್ಜನ ಮನೆಯಲ್ಲೇ ಉಳಿಯಿತು. ನಮ್ಮ ಖೋಲಿಯ ಮೂಲೆಯಲ್ಲಿ ತಮ್ಮನ ಅಂಗಿ ಬಿದ್ದಿತ್ತು, ಅದನ್ನು ಮಡಿಸಿಡುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಒಂದು ಬೆಳಿಗ್ಗೆ ನಾನು ತಡೆಯಲಾರದೆ, ಆಯಿಗೆ ಆಡಿನ ಹಾಲಿನ ವಿಷಯ ನಾನೇ ಹೇಳಿದೆ ಎಂದೆ. ಹೊಡೆಯುತ್ತಾಳೆ ಎಂದು ಕಣ್ಣು ಮುಚ್ಚಿಕೊಂಡಿದ್ದೆ. ರಾಟೆಯ ಸದ್ದು ನಿಂತಿತು. ನೂಲು ಹರಿದಿತ್ತು. ಅವ್ವ ಎರಡೂ ತುದಿ ಹಿಡಿದು ಹೊಸೆದು ಗಂಟು ಹಾಕಿದಳು.

"ಸಣ್ಣ ಹುಡುಗಿ ಕಡೆ ಸುಳ್ಳು ಹೇಳಿಸಿದಾಕಿ ನಾನು. ನೀ ಅಳಬ್ಯಾಡ."

ಆದರೂ ನನ್ನ ಭಯ ಹೋಗಲಿಲ್ಲ. ಅದಾಲತ್ತಿನಲ್ಲಿ ಹಾಲಿನ ಮಾತು ಬರುತ್ತದೆ, ಆಗ ನಾವು ಸುಳ್ಳು ಹೇಳಿದ್ದು ಹೊರಬೀಳುತ್ತದೆ, ಅವ್ವನನ್ನು ಸೆರೆಮನೆಗೆ ಹಾಕುತ್ತಾರೆ, ನಾನು ಒಬ್ಬಳೇ ಉಳಿಯುತ್ತೇನೆ ಎಂದು ಲೆಕ್ಕ ಹಾಕುತ್ತಿದ್ದೆ.

ಪೇಶಿಯ ದಿನ ಹೊರಗಿನ ಜಗಲಿಯಲ್ಲಿ ಅಪ್ಪ ಕೂತಿದ್ದ. ಎರಡು ವರ್ಷದ ಮೇಲೆ ಅವನನ್ನು ಅಷ್ಟು ಹತ್ತಿರದಿಂದ ನೋಡಿದೆ. ತಮ್ಮ ದೊಡ್ಡಪ್ಪನ ತೊಡೆಯ ಮೇಲಿದ್ದ. ಮೈಮೇಲೆ ಹೊಸ ಅಂಗಿ, ಕೈಯಲ್ಲಿ ಎತ್ತಿನ ಕೊರಳ ಗೆಜ್ಜೆ. ಅವ್ವನನ್ನು ಕಂಡು ಓಡಿ ಬರಲಿಲ್ಲ. ಸುಮ್ಮನೆ ನೋಡಿದ. ಅಪ್ಪ ಎದ್ದು ನನ್ನ ಹತ್ತಿರ ಬಂದ. ನಾನು ಹಿಂದಕ್ಕೆ ಸರಿದೆ.

"ನಿಮ್ಮವ್ವಗ ಹೇಳು. ಕದ್ದು ತಾ ಅಂತ ನಾ ಅಂದಿಲ್ಲ."

ಅವ್ವ ಮೂರು ಹೆಜ್ಜೆ ದೂರದಲ್ಲಿದ್ದಳು. ಕೇಳಿಸಿತ್ತು. ನಾನು ಏನೂ ಹೇಳಬೇಕಾಗಲಿಲ್ಲ.

ಒಳಗೆ ಎಲ್ಲ ಉರ್ದುವಿನಲ್ಲಿ ನಡೆಯಿತು. ಸಾಹೇಬರು ಕೇಳಿದ್ದನ್ನು ಗುಮಾಸ್ತರು ಕನ್ನಡದಲ್ಲಿ ಹೇಳುವರು. ಅವ್ವ ಹೇಳಿದ್ದನ್ನು ತಿರುಗಿಸಿ ಉರ್ದುವಿನಲ್ಲಿ ಹೇಳುವರು. ಎಷ್ಟು ದುಡಿಯುತ್ತೀ, ಕೆಲಸಕ್ಕೆ ಕೂತಾಗ ಮಕ್ಕಳನ್ನು ಯಾರು ನೋಡುತ್ತಾರೆ, ಮತ್ತೆ ಮದುವೆಯಾಗುವ ವಿಚಾರ ಇದೆಯೇ ಎಂದು ಕೇಳಿದರು. ಆಮೇಲೆ ಅಪ್ಪನ ಕಡೆಯ ವಕೀಲರು ಎದ್ದು ಏನೋ ಹೇಳಿದರು. ಗುಮಾಸ್ತರು ಅವ್ವನ ಕಡೆ ತಿರುಗಿ, ಕೂಸು ಹಾಲು ಬಿಟ್ಟು ಎಷ್ಟು ದಿನವಾಯಿತು ಎಂದು ಕೇಳಿದರು.

ನಾನು ಅವ್ವನ ಸೀರೆಯ ನಿರಿಗೆಯನ್ನು ಎರಡೂ ಕೈಯಲ್ಲಿ ಹಿಡಿದೆ. ನಿಜ ಹೇಳು ಎಂದು ನಮ್ಮ ವಕೀಲರು ಮೊದಲೇ ಹೇಳಿದ್ದರು. ಹೇಳಿದರೆ ತಮ್ಮ ಹೋದ ಎಂದೇ ನಮ್ಮಿಬ್ಬರ ಎಣಿಕೆ. ಅವ್ವ ಸೆರಗು ಸರಿಮಾಡಿಕೊಂಡು ಗುಮಾಸ್ತರ ಕಡೆ ತಿರುಗಿದಳು.

"ಒಂದೂವರಿ ವರ್ಷ ಆತ್ರಿ. ಜ್ವರ ಬಂದು ಬತ್ತಿ ಹೋತು. ಅಂಜಿ ಕುಡಿತಾನ ಅಂತ ಹೇಳಿಕೊಂತ ಬಂದೀನ್ರಿ."

ಸಾಹೇಬರು ಅದನ್ನು ಕೇಳಿ ಬರೆಯುತ್ತಿದ್ದ ಕೈ ನಿಲ್ಲಿಸಿ, ಹಾಗಾದರೆ ಕೂಸಿಗೆ ಏನು ಕೊಟ್ಟು ಬೆಳೆಸಿದಳು ಎಂದು ಕೇಳಿದರು. ಆಡಿನ ಹಾಲು, ರಾಗಿ ಅಂಬಲಿ, ರೊಟ್ಟಿಯ ನಡುವಿನ ಮೆತ್ತನೆಯ ಭಾಗ ಎಂದು ಅವ್ವ ಒಂದೊಂದೇ ಹೇಳಿದಳು. ಹಾಲಿನ ಮಾತು ಇಲ್ಲಿ ಮುಖ್ಯವಲ್ಲ ಎಂದು ಸಾಹೇಬರು ಅಂದರಂತೆ. ಗುಮಾಸ್ತರು ಅದನ್ನು ಕನ್ನಡದಲ್ಲಿ ಹೇಳಿದಾಗ ಅವ್ವನಿಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿಸಿಕೊಂಡಳು. ಯಾವುದಕ್ಕೆ ನಾವು ಹಗಲೆಲ್ಲ ಬಾಗಿಲು ಮುಚ್ಚಿಕೊಂಡು ಬದುಕಿದ್ದೆವೋ ಅದನ್ನು ಆ ಕೋಣೆಯಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಮೈ ಹಗುರವಾಗಬೇಕಿತ್ತು. ನನಗೆ ಯಾಕೋ ಇನ್ನಷ್ಟು ಹೆದರಿಕೆಯಾಯಿತು. ಹಾಗಾದರೆ ಇವರು ನೋಡುವುದು ಏನನ್ನು?

ತಮ್ಮನನ್ನು ಕೆಳಗಿಳಿಸಲು ಹೇಳಿದರು. ಅವನು ಗೆಜ್ಜೆ ಹಿಡಿದು ನಡುವೆ ನಿಂತ. ಅವ್ವ ಕರೆಯಬಾರದೆಂದು ಮೊದಲೇ ತಾಕೀತಾಗಿತ್ತು. ಅವನು ದೊಡ್ಡಪ್ಪನನ್ನು ನೋಡಿದ, ಅಪ್ಪನನ್ನು ನೋಡಿದ. ಆಮೇಲೆ ನನ್ನ ಹತ್ತಿರ ಬಂದು ಜಡೆ ಹಿಡಿದು ಜಗ್ಗಿದ. ದಿನಾ ಮಾಡುವ ಕೆಲಸ ಅದು. ನಾನು ಅವನನ್ನು ಎತ್ತಿಕೊಂಡೆ. ಅವನು ನನ್ನ ಮೈಮೇಲಿಂದಲೇ ಅವ್ವನ ಹೆಗಲಿಗೆ ದಾಟಿಕೊಂಡ.

ಹುಕುಂ ವಾರದ ಮೇಲೆ ಬಂತು. ಹುಡುಗನಿಗೆ ಏಳು ತುಂಬುವವರೆಗೆ ತಾಯಿಯ ಹತ್ತಿರ ಇರಬೇಕು. ಅಮಾವಾಸ್ಯೆಯ ದಿನ ಹೊಲದ ಕೆಲಸ ಇರುವುದಿಲ್ಲವಾದ್ದರಿಂದ ಅಂದು ತಂದೆ ಬಂದು ನೋಡಿ ಹೋಗಬಹುದು. ವರ್ಷಕ್ಕೆ ಎರಡು ಚೀಲ ಜೋಳ, ಬಟ್ಟೆ ತಪ್ಪಬಾರದು. ಏಳು ತುಂಬಿದ ಮೇಲೆ ತಂದೆ ಬೇಕಾದರೆ ಮತ್ತೆ ಅರ್ಜಿ ಹಾಕಬಹುದು, ಆಗ ಹೊಸದಾಗಿ ವಿಚಾರ ಮಾಡುತ್ತಾರೆ. ವಕೀಲರು ಗೆದ್ದೆವು ಎಂದರು. ಅವ್ವನಿಗೆ ಕೇಳಿಸಿದ್ದು ಏಳು ಎನ್ನುವ ಮಾತು ಒಂದೇ.

ಹಾಲಿನ ಭಯ ಹೋಗಿ ಏಳರ ಭಯ ಬಂತು. ಓಣಿಯಲ್ಲಿ ಹೆಂಡತಿ ತೀರಿಕೊಂಡ ನೇಕಾರನೊಬ್ಬ ಅವ್ವನನ್ನು ಉಡಿಕಿಗೆ ಕೇಳಿಸಿದ. ಒಳ್ಳೆಯ ಮನುಷ್ಯ, ನಮ್ಮಿಬ್ಬರಿಗೂ ಪುಠಾಣಿ ಕಡಲೆ ಕೊಡುತ್ತಿದ್ದ. ಅವ್ವ ಬೇಡ ಎಂದಳು. ಯುದ್ಧದ ದಿನಗಳಲ್ಲಿ ನೂಲು ಸಿಗದೆ ಮಗ್ಗಗಳು ನಿಂತು ಓಣಿ ಮೌನವಾಯಿತು, ಕಂಡಿಕೆಯ ಕೆಲಸವೂ ನಿಂತಿತು. ಅದೇ ವರ್ಷ ಸರ್ಕಾರ ಕಡ್ಡಾಯವಾಗಿ ಕೊಳ್ಳುವ ಲೆವಿ ಕಾಳು ಅಳೆದುಕೊಟ್ಟೆವೆಂದು ಅಪ್ಪನ ಮನೆಯಿಂದ ಜೋಳವೂ ಬರಲಿಲ್ಲ. ಅರ್ಜಿ ಹಾಕು ಎಂದು ಅಜ್ಜ ಹೇಳಿದ. ಅವ್ವ ಹಾಕಲಿಲ್ಲ. ಜೋಳ ಕೇಳಲು ಹೋದರೆ ಅವರಿಗೆ ಹುಡುಗನ ನೆನಪಾಗುತ್ತದೆ ಎಂದಳು. ವಕೀಲರು ಹೇಳಿದ್ದು ಆಕೆಗೆ ಮರೆತಿರಲಿಲ್ಲ. ಕಾಯ್ದೆ ಗೊತ್ತಿದ್ದರೂ ಭಯ ತನ್ನ ಪಾಡಿಗೆ ಇರುತ್ತದೆ. ಆ ವರ್ಷ ನಾವು ಅಂಬಲಿ ಕುಡಿದು ಮಲಗಿದ್ದೇ ಹೆಚ್ಚು.

ಅಪ್ಪ ಅಮಾವಾಸ್ಯೆಗೆ ಕೆಲವು ಸಲ ಬರುತ್ತಿದ್ದ, ಕೆಲವು ಸಲ ಇಲ್ಲ. ಬಂದರೆ ಹೊರಗಿನ ಕಟ್ಟೆಯ ಮೇಲೆ ಕೂತು, ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆಚ್ಚು ಮಾತಿಲ್ಲದೆ ಎದ್ದು ಹೋಗುತ್ತಿದ್ದ. ಅಷ್ಟೂ ಹೊತ್ತು ನಾನು ಹೊಸ್ತಿಲ ಮೇಲೆ ನಿಂತು ಕಾಯಬೇಕೆಂದು ಅವ್ವನ ಕಟ್ಟಪ್ಪಣೆ.

ತಮ್ಮನಿಗೆ ಏಳು ತುಂಬಿದ ಮೇಲೆ ಬಂದ ಮೊದಲ ಅಮಾವಾಸ್ಯೆಗೆ ಬಂಡಿ ಕಂಡಾಗ ಅವ್ವ ಬಾಗಿಲು ಹಾಕಿ ಒಳಗೆ ಬೀಸುವ ಕಲ್ಲು ಅಡ್ಡ ಇಟ್ಟಳು. ಅಪ್ಪ ಬಾಗಿಲು ಬಡಿಯಲಿಲ್ಲ. ಕಟ್ಟೆಯ ಮೇಲೆ ಕೂತ. ಬಿಸಿಲು ಏರಿ ನೆರಳು ಸರಿದರೂ ಕೂತೇ ಇದ್ದ. ಆಯಿ ಆ ಮಳೆಗಾಲದಲ್ಲಿ ತೀರಿಕೊಂಡಿದ್ದಳು, ದೊಡ್ಡಪ್ಪ ಪಾಲು ತೆಗೆದುಕೊಂಡು ಬೇರೆ ಹೋಗಿದ್ದ. ಅದನ್ನೆಲ್ಲ ಅಪ್ಪ ಮುಚ್ಚಿದ ಬಾಗಿಲಿಗೆ ಹೇಳಿದ. ಆಮೇಲೆ ನನ್ನ ಹೆಸರು ಹಿಡಿದು ಕರೆದ.

"ನಿಮ್ಮವ್ವಗ ಹೇಳವ್ವ. ನಾ ಅರ್ಜಿ ಹಾಕಂಗಿಲ್ಲ. ಹುಡುಗ ಇಲ್ಲೇ ಸಾಲಿ ಕಲೀಲಿ. ಸುಗ್ಗಿಗೆ ಎಂಟು ದಿನ ಕಳಸ್ರಿ, ನೀನೂ ಬಾ."

ಅವ್ವ ಬಾಗಿಲು ತೆಗೆಯಲಿಲ್ಲ. ಅವನು ಹೋದ ಮೇಲೆ ತೆಗೆದಳು. ಕಟ್ಟೆಯ ಮೇಲೆ ಎರಡು ಚೀಲ ಜೋಳ ಇದ್ದವು. ಹಿಂದಿನ ಬಾಕಿಯ ಮಾತು ಅವಳೂ ಎತ್ತಲಿಲ್ಲ.

ಸುಗ್ಗಿಗೆ ಕಳಿಸುವುದೋ ಬಿಡುವುದೋ ಎಂದು ಅವ್ವ ತಿಂಗಳುಗಟ್ಟಲೆ ಒದ್ದಾಡಿದಳು. ವಕೀಲರನ್ನು ಕೇಳಿದಳು, ಅಜ್ಜನನ್ನು ಕೇಳಿದಳು. ತಮ್ಮನಿಗೆ ಹೋಗುವ ಆಸೆ ಇತ್ತು, ಎತ್ತಿನ ಹುಚ್ಚು. ಕಡೆಗೆ ನಮ್ಮಿಬ್ಬರನ್ನೂ ಬಂಡಿ ಹತ್ತಿಸಿದಳು. ಹತ್ತಿಸಿ, ಮತ್ತೆ ಇಳಿಸಿ, ತಮ್ಮನ ಅಂಗಿ ಸರಿಮಾಡಿ, ಮತ್ತೆ ಹತ್ತಿಸಿದಳು. ಅಪ್ಪನ ಮನೆಯಲ್ಲಿ ಆ ಎಂಟು ದಿನವೂ ನಾನು ತಮ್ಮನ ಕೈ ಬಿಡಲಿಲ್ಲ. ಅವನು ಕಣದಲ್ಲಿ ಎತ್ತಿನ ಹಿಂದೆ ತಿರುಗಿದರೆ ನಾನೂ ತಿರುಗಿದೆ. ಅಪ್ಪನ ಎರಡನೆಯ ಹೆಂಡತಿ ನಮಗೆ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು. ಆಕೆಯ ಹತ್ತಿರವೂ ನಾನು ಹೆಚ್ಚು ಮಾತಾಡಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಅಪ್ಪನೇ ಬಂಡಿ ಹೂಡಿದ. ಭಾಗ್ಯನಗರ ಇನ್ನೂ ದೂರವಿರುವಾಗಲೇ ದಾರಿಯ ಪಕ್ಕದಲ್ಲಿ ಅವ್ವ ನಿಂತಿದ್ದಳು. ಬೆಳಗಿನಿಂದ ಅಲ್ಲೇ ಇದ್ದಳಂತೆ. ಅಪ್ಪ ಬಂಡಿ ನಿಲ್ಲಿಸಿ ಕೆಳಗಿಳಿದು ನೊಗದ ಹತ್ತಿರ ನಿಂತ. ತಮ್ಮ ಜಿಗಿದು ಇಳಿದು, ತಾನು ಒಬ್ಬನೇ ಬಂಡಿ ಹೊಡೆದೆ ಎಂದು ಹೇಳತೊಡಗಿದ. ಅವ್ವ ಅವನ ಮಾತು ಕೇಳಿಸಿಕೊಳ್ಳದೆ ಅವನ ತಲೆ, ಕೈ, ಬೆನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ನನ್ನನ್ನು ಕೆಳಗಿಳಿಸಿಕೊಂಡು, ಏಳು ವರ್ಷದ ಮೇಲೆ ಮೊದಲ ಸಲ ಅಪ್ಪನಿಗೆ ನೇರವಾಗಿ ಒಂದು ಮಾತಾಡಿದಳು: ಎತ್ತಿಗೆ ನೀರು ಕುಡಿಸಿಕೊಂಡು ಹೋಗು ಎಂದಳು.